ಹೊಸ ಉಳಿ ಮೇಲೆ ಕಲೆ ಇದ್ರೆ, ಅದು ಎಲ್ಲಿದೆ ಅಂತ ಮೊದ್ಲು ನೋಡಿ

ದುಡ್ಡು ಕೂಡಿಸಿ ಕೂಡಿಸಿ ಹೊರದೇಶದಿಂದ ಮರ ಕೀಸೋ ಒಂದು ಒಳ್ಳೆ ಹತ್ತರಿ ತರಿಸ್ಕೋತೀರಿ, ಕೊರಿಯರ್ ಬರತ್ತೆ, ಬಾಕ್ಸ್ ಬಿಚ್ಚಿ ಎಣ್ಣೆ ಪೇಪರ್ ಸರಿಸಿದ್ರೆ ಪಕ್ಕೆ ಮೇಲೆ ಬೆರಳಗಲದ ಕಂದು ಕಲೆ, ಹಿತ್ತಾಳೆ ತಿರುಪಿನ ಮೇಲೆ ಒಂದು ಕಪ್ಪು ಗೆರೆ, ತಳದಲ್ಲಿ ಸೂಜಿ ಚುಚ್ಚಿದಷ್ಟು ಗುಳಿ. 30 ಸಾವಿರ ಕೊಟ್ಟವರಿಗೆ ಆ ಹೊತ್ತಲ್ಲಿ ಹೊಟ್ಟೆ ಉರಿಯೋದು ಸಹಜ. ಇಲ್ಲಿ ಕೂತಿರೋರಲ್ಲಿ ಸುಮಾರು ಜನ ಇಂಥ ಫೋಟೋ ನಂಗೆ ವಾಟ್ಸಾಪಲ್ಲಿ ಕಳ್ಸಿದೀರಿ, ಕೆಳಗೆ ಒಂದೇ ಪ್ರಶ್ನೆ, ಸರ್ ಇದನ್ನ ವಾಪಸ್ ಕಳಿಸ್ಲಾ ಇಟ್ಕೊಳ್ಳಾ ಅಂತ. ಇವತ್ತು ಅದಕ್ಕೇ ಉತ್ತರ ಹೇಳೋಣ ಅಂತ.

ಈ ವಿಷಯದಲ್ಲಿ ನಮ್ ಕಡೆ ಎರಡು ಪಾರ್ಟಿ ಇದೆ. ಹಿಂದಿನ ಸಾಲಲ್ಲಿ ಕೂತಿರೋ ಆಚಾರ್ರು ಏನಂತಾರೆ ಅಂದ್ರೆ, ಕಲೆ ಕಟ್ಕೊಂಡು ಏನು, ಮರ ಕೀಸಿದ್ರೆ ಆಯ್ತಲ್ಲ, ಎರಡು ಮಳೆಗಾಲ ಕಳೆದ್ರೆ ಎಲ್ಲಾ ಒಂದೇ ಬಣ್ಣ. ಬೆಂಗಳೂರಲ್ಲಿ ಕೆಲಸ ಮಾಡಿ ಈಗ ತೀರ್ಥಹಳ್ಳಿಗೋ ಸಾಗರಕ್ಕೋ ವಾಪಸ್ ಬಂದು ಮನೆ ಪಕ್ಕ ಶೆಡ್ ಹಾಕ್ಕೊಂಡಿರೋ ನೀವು ಏನಂತೀರಿ, ನಾನು ಕೊಟ್ಟ ದುಡ್ಡಲ್ಲಿ ಆ ಹೊಳಪಿನ ಬೆಲೆನೂ ಸೇರಿದೆ, ಯಾಕೆ ಸುಮ್ನಿರ್ಬೇಕು ಅಂತ. ಎರಡೂ ಮಾತಲ್ಲಿ ನ್ಯಾಯ ಇದೆ. ಆದ್ರೆ ಇಬ್ರೂ ನೋಡ್ತಿರೋದು ಕಲೆ ಎಷ್ಟು ದೊಡ್ಡದು, ಎಷ್ಟು ಅಸಹ್ಯವಾಗಿದೆ ಅನ್ನೋದನ್ನ. ನಾನು ಹೇಳೋದು, ಎಷ್ಟು ದೊಡ್ಡದು ಅನ್ನೋದನ್ನ ಆಮೇಲೆ ನೋಡಿ, ಎಲ್ಲಿದೆ ಅಂತ ಮೊದ್ಲು ನೋಡಿ. ಅಂಗೈ ಅಗಲದ ಕಲೆ ಇದ್ದೂ ಏನೂ ಆಗದ ಜಾಗ ಇದೆ, ಸಾಸಿವೆಗಿಂತ ಸಣ್ಣ ಗುಳಿ ಇದ್ರೂ ಉಪಕರಣ ಕೆಟ್ಟಂಗೇ ಅನ್ನೋ ಜಾಗನೂ ಇದೆ.

ಉಳಿ ತಗೊಳ್ಳಿ. ಉಳಿಗೆ ಎರಡು ಮೈ, ಒಂದು ಓರೆಯಾಗಿ ಮಸೆಯೋ ಮೈ, ಇನ್ನೊಂದು ಚಪ್ಪಟೆ ಬೆನ್ನು. ಹರಿತ ಅನ್ನೋದು ಈ ಎರಡೂ ಮೈ ಸೇರೋ ಗೆರೆ. ಹಂಗಾಗಿ ಬೆನ್ನಲ್ಲಿ ಆ ಗೆರೆ ಹತ್ರ ಒಂದು ತುಕ್ಕಿನ ಗುಳಿ ಇದ್ರೆ ನೀವು ಓರೆ ಕಡೆ ಎಷ್ಟೇ ನುಣ್ಣಗೆ ಮಸೆದ್ರೂ ಅಂಚಲ್ಲಿ ಅಷ್ಟಗಲ ಒಂದು ಕಚ್ಚು ಉಳ್ಕೊಳ್ಳತ್ತೆ, ಬೀಟೆ ಮೇಲೋ ಸಾಗುವಾನಿ ಮೇಲೋ ಅಡ್ಡ ಕೆತ್ತಿದಾಗ ಆ ಕಚ್ಚಿನ ಗೆರೆ ಮರದ ಮೇಲೆ ನೇರ ಕಾಣತ್ತೆ. ಇನ್ನೊಂದು, ಇದನ್ನ ತುಂಬಾ ಜನ ಯೋಚ್ನೆ ಮಾಡಲ್ಲ, ಪ್ರತಿ ಸಲ ಮಸೆದಾಗ್ಲೂ ಅಂಚು ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರೀತಾ ಹೋಗತ್ತೆ. ಇವತ್ತು ಅಂಚಿಂದ ಒಂದು ಸೆಂಟಿಮೀಟರ್ ಮೇಲಿರೋ ಗುಳಿ ಕೆಲವು ವರ್ಷ ಬಿಟ್ಟು ಅಂಚಿಗೇ ಬಂದು ಕೂರತ್ತೆ. ಹಂಗಾಗಿ ಹೊಸ ಉಳಿ ಬಂದ ಕೂಡ್ಲೇ ಬೆನ್ನಿನ ಮೊದಲ 2-3 ಸೆಂಟಿಮೀಟರ್ ಬೆಳಕಿಗೆ ಓರೆ ಹಿಡಿದು ನೋಡಿ, ಉಗುರಲ್ಲಿ ಗೀರಿ ನೋಡಿ. ಉಗುರು ತಡೆದ್ರೆ ಗುಳಿ, ತಡೀದೇ ಇದ್ರೆ ಬರೀ ಬಣ್ಣ. ಬಣ್ಣ ಆದ್ರೆ ಮಸೆಯೋ ಕಲ್ಲಿನ ಮೇಲೆ ನಾಲ್ಕು ಸಲ ಎಳೆದ್ರೆ ಹೋಗತ್ತೆ. ಗುಳಿ ಆದ್ರೆ ಅದರ ಆಳಕ್ಕೆ ಇಡೀ ಬೆನ್ನನ್ನೇ ಸವೆಸ್ಬೇಕು, ದುಡ್ಡು ಕೊಟ್ಟವರು ಯಾಕೆ ಆ ಕೆಲಸ ಮಾಡ್ಬೇಕು, ವಾಪಸ್ ಕಳ್ಸಿ. ಅದೇ ಗುಳಿ ಹಿಡಿ ಹತ್ರ ಕುತ್ತಿಗೇಲಿ ಇದ್ರೆ? ಎಣ್ಣೆ ಒರೆಸಿ ಕೆಲಸ ಶುರು ಮಾಡಿ.

ಉಜ್ಜಿದ ಗೀರುಗಳದ್ದೂ ಇದೇ ಲೆಕ್ಕ. ಕಾರ್ಖಾನೇಲಿ ಗ್ರೈಂಡಿಂಗ್ ಮೆಷಿನ್ ಹೊಡೆದ ಸುತ್ತು ಸುತ್ತಿನ ಗೆರೆ ಪಕ್ಕದಲ್ಲಿದ್ರೆ ಕಣ್ಣಿಗೆ ಮಾತ್ರ ಕಾಣತ್ತೆ, ಬೆನ್ನಲ್ಲಿದ್ರೆ ಅಂಚು ಗರಗಸದ ಹಲ್ಲಿನ ಥರ ಆಗತ್ತೆ. ಆದ್ರೆ ಇದು ದೋಷ ಅಂತ ಕೂಗಾಡೋ ವಿಷಯ ಅಲ್ಲ, ಎಷ್ಟೇ ದುಬಾರಿ ಉಳಿ ಆದ್ರೂ ಬೆನ್ನು ಒಂದ್ಸಲ ನಾವೇ ಕಲ್ಲಿಗೆ ಹಾಕಿ ಸಮ ಮಾಡ್ಕೋಬೇಕು, ಅದು ಮೊದಲಿಂದ ಇರೋ ಪದ್ಧತಿ. ಹೊಸ ಉಳಿ ಮೊದಮೊದಲು ಅಂಚು ಉದುರ್ತಾ ಇದ್ರೂ ಗಾಬರಿ ಬೇಡ. ಗಟ್ಟಿ ಮಾಡೋಕೆ ಹದ ಹಾಕೋವಾಗ ಕಾದ ಸ್ಟೀಲಿನ ಹೊರಪದರದಿಂದ ಇಂಗಾಲ ಸ್ವಲ್ಪ ಸುಟ್ಟು ಹೋಗಿರತ್ತೆ, ತೆಳು ಅಂಚಿಗೆ ಶಾಖದ ಏಟು ಜಾಸ್ತಿ ಬಿದ್ದಿರತ್ತೆ, ಕೆಲವು ಸಲ ಮಸೆದ್ಮೇಲೆ ಒಳಗಿನ ಒಳ್ಳೆ ಸ್ಟೀಲ್ ಸಿಗತ್ತೆ. ಆಮೇಲೂ ಉದುರ್ತಾ ಇದ್ರೆ ಅದು ಬೇರೆ ಮಾತು.

ಬಣ್ಣದ ವಿಷಯಕ್ಕೆ ಬಂದ್ರೆ ಒಂದು ಬಣ್ಣಕ್ಕೆ ಮಾತ್ರ ಹೆದರಿ. ಅಂಚಿನ ಹತ್ರ ನೀಲಿ. ಸ್ಟೀಲ್ ಕಾಯ್ತಾ ಹೋದಂಗೆ ಸುಮಾರು 220-230 ಡಿಗ್ರಿಗೆ ತೆಳು ಹಳದಿ ಆಗತ್ತೆ, ಆಮೇಲೆ ಕಂದು, ನೇರಳೆ, 300ರ ಹತ್ತಿರಕ್ಕೆ ನೀಲಿ. ಮಾಮೂಲಿ ಕಾರ್ಬನ್ ಸ್ಟೀಲಲ್ಲಿ ಅಂಚಿನ ಹತ್ರ ನೀಲಿ ಕಂಡ್ರೆ ಗ್ರೈಂಡರಲ್ಲಿ ಯಾರೋ ಜೋರಾಗಿ ಒತ್ತಿ ಹದ ಇಳಿಸಿದಾರೆ ಅಂತ ಅರ್ಥ, ಆ ಭಾಗ ಮೆತ್ತಗಾಗಿರತ್ತೆ, ಹರಿತ ನಿಲ್ಲಲ್ಲ. ನೋಡೋಕೆ ನವಿಲುಗರಿ ಬಣ್ಣ, ಚೆಂದ ಕಾಣತ್ತೆ, ತುಕ್ಕಿನ ಕಲೆಗೆ ಬೇಜಾರು ಮಾಡ್ಕೊಳ್ಳೋ ಜನ ಇದನ್ನ ಗಮನಿಸದೇ ಬಿಡ್ತಾರೆ. ಹಿಡಿ ಕಡೆ ನೀಲಿ ಇದ್ರೆ ತೊಂದ್ರೆ ಇಲ್ಲ, ಎಷ್ಟೋ ಕಡೆ ಬೇಕಂತಲೇ ಅಲ್ಲಿ ಮೆತ್ತಗೆ ಮಾಡಿರ್ತಾರೆ, ಕೊಡತಿ ಏಟಿಗೆ ಮುರೀಬಾರ್ದು ಅಂತ. ಹೈಸ್ಪೀಡ್ ಸ್ಟೀಲ್ ಅಲಗಿಗೆ ಈ ಭಯ ಇಲ್ಲ, ಅದು ಇಷ್ಟು ಶಾಖಕ್ಕೆಲ್ಲ ಹದ ಬಿಡಲ್ಲ.

ಈಗ ಹತ್ತರಿ. ಇದರ ಮೈ ಬೀಡು, ಅಂದ್ರೆ ಎರಕದ ಕಬ್ಬಿಣ. ಭದ್ರಾವತಿ ಪಕ್ಕದವರಿಗೆ ಎರಕ ಅಂದ್ರೇನು ಅಂತ ನಾನು ವಿವರಿಸ್ಬೇಕಿಲ್ಲ, ಕೆಮ್ಮಣ್ಣುಗುಂಡಿ ಅದಿರು ತಂದು, ನಮ್ ಕಾಡಿನ ಸೌದೆಯ ಇದ್ದಿಲು ಹಾಕಿ, 1923ರಿಂದ ಅಲ್ಲಿ ಕಬ್ಬಿಣ ಕರಗಿಸಿದ್ದು, ನಿಮ್ಮಲ್ಲಿ ಎಷ್ಟೋ ಜನರ ಮನೇಲಿ ಆ ಕಾರ್ಖಾನೇಲಿ ದುಡಿದವರಿದ್ದಾರೆ. ಮರಳಿನ ಅಚ್ಚಿಗೆ ಕರಗಿದ ಲೋಹ ಹೊಯ್ದಾಗ ಒಳಗೆ ಗಾಳಿ ಸಿಕ್ಕಾಕಿಕೊಳ್ಳತ್ತೆ, ಮರಳಿನ ಹರಳು ಉದುರತ್ತೆ, ಆಮೇಲೆ ಮೇಲ್ಮೈ ಉಜ್ಜಿ ತೆಗೆದಾಗ ಆ ತೂತು ತೆರ್ಕೊಳ್ಳತ್ತೆ. ತಳದಲ್ಲಿ ನೀವು ನೋಡೋ ಸೂಜಿ ಗುಳಿ ಅದೇ. ಇದು ತಳದ ಮಧ್ಯದಲ್ಲೋ ಹಿಂದಗಡೆಯೋ ಇದ್ರೆ ಕೆಲಸಕ್ಕೆ ಏನೂ ಆಗಲ್ಲ. ನಂಬಿಕೆ ಬರ್ಲಿಲ್ಲ ಅಂದ್ರೆ ಹಳೇ ಸ್ಟ್ಯಾನ್ಲಿ ನೋಡಿ, 1869ರಲ್ಲಿ ಲೆನಾರ್ಡ್ ಬೇಲಿ ಅನ್ನೋರ ಹತ್ತರಿ ವ್ಯಾಪಾರ ಕೊಂಡ್ಕೊಂಡ ಕಂಪನಿ ಅದು, ಅವರು ತಳದ ಉದ್ದಕ್ಕೂ ಸಾಲು ಸಾಲು ಕಾಲುವೆ ಥರ ಗೆರೆ ಕೊರೆದ ಹತ್ತರಿಗಳನ್ನೇ ಮಾರ್ತಿದ್ರು, ಮರದ ಮೇಲೆ ಎಳೆಯೋಕೆ ಹಗುರ ಆಗ್ಲಿ ಅಂತ. ಜಪಾನಿನ ಮರದ ಹತ್ತರಿಗೆ ತಳ ಪೂರ್ತಿ ಮರಕ್ಕೆ ತಾಗೋದೇ ಇಲ್ಲ, ಕೆಲವು ಕಡೆ ಮಾತ್ರ ತಾಗೋ ಥರ ಉಳಿದ ಜಾಗ ಕೆರೆದು ತೆಗೀತಾರೆ. ಹಂಗಿದ್ಮೇಲೆ ಒಂದು ಸೂಜಿ ಗುಳಿ ಏನು ಮಾಡತ್ತೆ?

ಆದ್ರೆ ಬಾಯಿಯ ಮುಂದಿನ ತುಟಿ, ಅಲಗು ಹೊರಗೆ ಬರೋ ಸಂದಿನ ಮುಂದಿನ ಅಂಚು, ಅಲ್ಲಿ ಗುಳಿ ಇದ್ರೆ, ಚೂರು ಹಾರಿದ್ರೆ ಬಿಡ್ಬೇಡಿ. ಮರದ ನಾರು ಸೀಳಿ ಮೇಲೇಳದ ಹಂಗೆ ಒತ್ತಿ ಹಿಡಿಯೋದು ಆ ತುಟಿ. ಹಲಸಿನ ಮರದ ಅಡ್ಡಾದಿಡ್ಡಿ ನಾರಿನ ಮೇಲೆ ಒಂದ್ಸಲ ಓಡ್ಸಿ ನೋಡಿ, ಅದರ ಬೆಲೆ ಗೊತ್ತಾಗತ್ತೆ. ಬಾಯಿಯ ಮೂಲೆಗಳಲ್ಲಿ ಕೂದಲೆಳೆ ಬಿರುಕು ಇದ್ಯಾ ಅಂತ್ಲೂ ನೋಡಿ, ಬೀಡು ಒಡೆಯೋದು ಜಾಸ್ತಿ ಅಲ್ಲಿಂದಲೇ. ಅಲಗು ತೆಗೆದು, ಮೈಯನ್ನ ಎರಡು ಬೆರಳಲ್ಲಿ ತೂಗಾಡಿಸಿ ಮರದ ತುಂಡಲ್ಲಿ ಮೆತ್ತಗೆ ತಟ್ಟಿ, ಬಿರುಕು ಇದ್ರೆ ಸದ್ದು ಮಂಕಾಗಿ ಬರತ್ತೆ. ಈಗಿನ ದುಬಾರಿ ಹತ್ತರಿಗಳಲ್ಲಿ ಡಕ್ಟೈಲ್ ಬೀಡು ಬಳಸ್ತಾರೆ, ಮೆಗ್ನೀಸಿಯಂ ಸೇರಿಸಿ ಒಳಗಿನ ಗ್ರಾಫೈಟ್ ಪದರ ಪದರವಾಗಿ ಇರೋ ಬದ್ಲು ಗುಂಡಗಾಗೋ ಹಂಗೆ ಮಾಡಿರೋದು, ಕೈಜಾರಿ ಬಿದ್ರೂ ಅಷ್ಟು ಸುಲಭಕ್ಕೆ ಒಡೆಯಲ್ಲ. ಬೆಲೆ ಜಾಸ್ತಿ ಆಗೋದರಲ್ಲಿ ಇದ್ರದ್ದೂ ಪಾಲಿದೆ, ಅದು ಕಣ್ಣಿಗೆ ಕಾಣಲ್ಲ, ಹೊಳಪು ಮಾತ್ರ ಕಾಣತ್ತೆ.

ಮೂಲೆ ನೇರ ಇದ್ಯಾ ಅಂತ ನೋಡೋ ಮೂಲೆಮಟ್ಟದ್ದು ಒಂದೇ ಮಾತು. ಹಿತ್ತಾಳೆ ಪಟ್ಟಿ ಮಂಕಾಗಿದೆ, ರಿವೆಟ್ ಸುತ್ತ ಕಲೆ ಅಂತ ಫೋಟೋ ಕಳಿಸೋಕೆ ಮುಂಚೆ ನೇರ ಅಂಚಿನ ಹಲಗೆ ಮೇಲೆ ಒಂದು ಗೆರೆ ಎಳೀರಿ, ಮಟ್ಟ ಮಗುಚಿ ಹಾಕಿ ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೀರಿ. ಎರಡೂ ಸೇರಿದ್ರೆ ಕಲೆ ಮರೆತುಬಿಡಿ. ಬೇರೆ ಬೇರೆ ಆದ್ರೆ, ಕಾಣೋ ವ್ಯತ್ಯಾಸದ ಅರ್ಧ ಅದರ ತಪ್ಪು, ಕನ್ನಡಿ ಥರ ಹೊಳೀತಿದ್ರೂ ವಾಪಸ್ ಕಳ್ಸಿ.

ಈಗ ತುಕ್ಕು, ಕಿಲುಬು. ಇದನ್ನ ನಾನು ಸ್ವಲ್ಪ ನಿಧಾನಕ್ಕೆ ಹೇಳ್ಬೇಕು ಯಾಕಂದ್ರೆ ಒಣ ದೇಶದವರು ಬರೆದ ಸಲಹೆ ಓದಿ ಮಲೆನಾಡಲ್ಲಿ ಪಾಲಿಸಿದ್ರೆ ಸಾಲಲ್ಲ. ಆಗುಂಬೇಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರ್ ಮೇಲೆ ಮಳೆ. ಗಾಳಿಯ ತೇವಾಂಶ ಶೇ 60 ದಾಟಿದ್ರೆ ಕಬ್ಬಿಣಕ್ಕೆ ತುಕ್ಕು ಹಿಡಿಯೋ ವೇಗ ಏರೋಕೆ ಶುರು, ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಅದಕ್ಕಿಂತ ಕೆಳಗೆ ಇಳಿಯೋ ದಿನ ಹುಡುಕ್ಬೇಕು. ಗಾಳಿ 25 ಡಿಗ್ರಿ, ತೇವಾಂಶ ಶೇ 90 ಇದೆ ಅಂದ್ಕೊಳ್ಳಿ, ನಿಮ್ಮ ಹತ್ತರಿ ರಾತ್ರಿ ತಣ್ಣಗಾಗಿ 23 ಡಿಗ್ರಿಗೆ ಇಳಿದಿದ್ರೆ ಸಾಕು, ಅದರ ಮೈ ಮೇಲೆ ನೀರು ಕಟ್ಟೋಕೆ ಶುರು ಆಗತ್ತೆ. ಬರೀ ಎರಡು ಡಿಗ್ರಿ! ಬೀಡು ದಪ್ಪ ಇರೋದ್ರಿಂದ ಬೆಳಿಗ್ಗೆ ನಿಧಾನಕ್ಕೆ ಬಿಸಿ ಆಗತ್ತೆ, ಅಷ್ಟೊತ್ತಿಗೆ ನೀವು ಶೆಡ್ ಬಾಗಿಲು ತೆಗೆದು ಹೊರಗಿನ ಹಸಿ ಗಾಳಿ ಒಳಗೆ ಬಿಡ್ತೀರಿ. ಎಸಿ ಗೋಡೌನಿಂದ ಬಂದ ಬಾಕ್ಸನ್ನ ಮಳೆಗಾಲದಲ್ಲಿ ತಕ್ಷಣ ಬಿಚ್ಚಿದ್ರೂ ಇದೇ ಕಥೆ. ಅರ್ಧ ದಿನ ಹಂಗೇ ಮುಚ್ಚಿಟ್ಟು, ರೂಮಿನ ಬಿಸಿಗೆ ಬಂದ್ಮೇಲೆ ಬಿಚ್ಚಿ.

ಆಮೇಲೆ ಬೆರಳಚ್ಚು. ಬೆವರಲ್ಲಿ ಉಪ್ಪಿದೆ. ಮಳೆಗಾಲದಲ್ಲಿ ಅಡುಗೆಮನೆ ಉಪ್ಪಿನ ಭರಣಿ ನೀರಾಗೋದು ಎಲ್ಲರ ಮನೇಲೂ ನೋಡಿದೀರಿ, ತೇವಾಂಶ ಶೇ 75 ದಾಟಿದ್ರೆ ಉಪ್ಪು ಗಾಳೀಲಿರೋ ನೀರನ್ನೇ ಎಳ್ಕೊಂಡು ಕರಗತ್ತೆ. ಹಂಗಾಗಿ ಕಬ್ಬಿಣದ ಮೇಲಿನ ಬೆರಳಚ್ಚು ಬೇಸಿಗೇಲಿ ಒಣಗಿ ಸುಮ್ನೆ ಕೂತಿರತ್ತೆ, ಜುಲೈಲಿ ಅದೇ ಬೆರಳಚ್ಚು ದಿನವಿಡೀ ಉಪ್ಪುನೀರಾಗಿ ಇರತ್ತೆ. ಹೊಸ ಹತ್ತರಿ ಪಕ್ಕೆ ಮೇಲೆ ಗೆರೆಗೆರೆ ಸಮೇತ ಹೆಬ್ಬೆಟ್ಟಿನ ಆಕಾರದಲ್ಲಿ ತುಕ್ಕು ಬಂದಿರತ್ತೆ ನೋಡಿ, ಅದು ಪ್ಯಾಕ್ ಮಾಡಿದವರ ಕೈ. ಅಲಗು ಎ2 ಅನ್ನೋ ಜಾತಿ ಸ್ಟೀಲು, ಕ್ರೋಮಿಯಂ ಇದೆ, ತುಕ್ಕು ಹಿಡಿಯಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅದರಲ್ಲಿರೋದು ಶೇ 5ರ ಆಸುಪಾಸು, ಸ್ಟೇನ್‌ಲೆಸ್ ಅನ್ನಿಸ್ಕೊಳ್ಳೋಕೆ ಶೇ 10.5 ಆದ್ರೂ ಬೇಕು. ನಿಧಾನಕ್ಕೆ ಹಿಡಿಯತ್ತೆ, ಅಷ್ಟೇ.

ಹಿತ್ತಾಳೆ, ಕಂಚಿನ ವಿಷಯ ಪೂರ್ತಿ ಬೇರೆ. ಅದು ಕಂದು ತಿರುಗೋದು ರೋಗ ಅಲ್ಲ, ತಾಮ್ರ ಇರೋ ಲೋಹದ ಗುಣ, ಮೇಲೆ ಬರೋ ತೆಳು ಪದರ ಒಳಗಿನದನ್ನ ಕಾಯತ್ತೆ. ಅಮೆರಿಕದ ಮೇಯ್ನ್ ರಾಜ್ಯದಲ್ಲಿ 1981ರಲ್ಲಿ ಶುರುವಾದ ಲೀ-ನೀಲ್ಸನ್ ಕಂಪನಿ ಕಂಚಿನ ಮೈಯ ಹತ್ತರಿಗಳನ್ನೂ ಮಾಡತ್ತೆ, ತುಕ್ಕು ಹಿಡಿಯಲ್ಲ ಅಂತ ಅದನ್ನೇ ಹುಡುಕಿ ತಗೊಳ್ಳೋರಿದ್ದಾರೆ, ಅದೂ ಕೈಯಾಡಿದ ಹಂಗೆಲ್ಲ ಕಂದು ಆಗತ್ತೆ. ಹೊಸದರಲ್ಲಿ ನೇರವಾದ ಕಪ್ಪು ಗೆರೆ ಇದ್ರೆ ರಬ್ಬರ್ ಬ್ಯಾಂಡ್ ಹಾಕಿದ್ರಾ ನೋಡಿ, ರಬ್ಬರಲ್ಲಿರೋ ಗಂಧಕ ಹಿತ್ತಾಳೆ ಮೇಲೆ ಗೆರೆ ಬರೆಯತ್ತೆ. ಚುಕ್ಕಿ ಚುಕ್ಕಿಯಾಗಿ, ಎಳೆ ಎಳೆಯಾಗಿ ಕಪ್ಪಾಗಿದ್ರೆ ಮೇಲೆ ಲ್ಯಾಕರ್ ಅನ್ನೋ ತೆಳು ವಾರ್ನಿಶ್ ಬಳಿದಿರ್ತಾರೆ, ಅದು ಒಡೆದ ಕಡೆ ಗಾಳಿ ನುಗ್ಗಿರತ್ತೆ. ಅಂಥದ್ದನ್ನ ಎಷ್ಟು ಉಜ್ಜಿದ್ರೂ ಸಮ ಆಗಲ್ಲ, ಥಿನ್ನರಲ್ಲಿ ಲ್ಯಾಕರ್ ಪೂರ್ತಿ ತೆಗೆದ್ಮೇಲೆ ಪಾಲಿಶ್ ಮಾಡ್ಬೇಕು. ಹುಣಸೆಹಣ್ಣು ಹಚ್ಚಿ ತಕ್ಷಣ ತೊಳೆದ್ರೆ ಸರಿ, ರಾತ್ರಿಯಿಡೀ ಹುಳಿಯಲ್ಲಿ ನೆನೆಸಿಟ್ರೆ ಸತು ಕರಗಿ ತಾಮ್ರದ ಗುಲಾಬಿ ಬಣ್ಣ ಉಳಿಯತ್ತೆ, ದೇವರ ದೀಪಕ್ಕೆ ಹಂಗಾಗಿರೋದನ್ನ ನೋಡಿರ್ತೀರಿ.

ಇಲ್ಲೊಂದು ಕಥೆ ಹೇಳಲೇಬೇಕು, ದಾರಿ ತಪ್ಪಿದ್ರೂ ಪರವಾಗಿಲ್ಲ. ಬ್ರಿಟಿಷರ ಕಾಲದಲ್ಲಿ ನಮ್ ದೇಶದಲ್ಲಿ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗೇ ಸೀಳು ಬಿಡ್ತಿದ್ವು. ಇಟ್ಟ ಜಾಗ ಕುದುರೆ ಲಾಯ. ಗಂಜಲದಿಂದ ಏಳೋ ಅಮೋನಿಯ, ಮಳೆಯ ತೇವ, ತೋಟಾ ಎಳೆದು ತಯಾರು ಮಾಡೋವಾಗ ಲೋಹದೊಳಗೆ ಉಳ್ಕೊಂಡ ಬಿಗಿತ, ಮೂರೂ ಸೇರಿ ಸೀಳ್ತಿತ್ತು ಅಂತ 1921ರಲ್ಲಿ ವಿವರವಾಗಿ ತೋರ್ಸಿದ್ರು. ಇದನ್ನ ಯಾಕೆ ಹೇಳ್ದೆ ಅಂದ್ರೆ ನಮ್ಮಲ್ಲಿ ಎಷ್ಟೋ ಜನರ ಶೆಡ್ ಇರೋದು ಕೊಟ್ಟಿಗೆಗೆ ಅಂಟ್ಕೊಂಡು. ಕೊಟ್ಟಿಗೆ ಗಾಳಿ ಬರೋ ಗೋಡೆಗೆ ಹಿತ್ತಾಳೆ ಬೆನ್ನಿನ ಗರಗಸ, ಮರದ ಮೇಲೆ ಗೆರೆ ಹಾಕೋ ಗೀರುಮಣೆ ನೇತಾಕ್ಬೇಡಿ. ಬರೀ ಮಂಕಾಗೋದಲ್ಲ, ಬಿಗಿತ ಇರೋ ಕಡೆ ಬಿರುಕೇ ಬಿಡಬಹುದು.

ತುಕ್ಕು, ಕಿಲುಬು ಆಯ್ತು, ಮೂರನೇದು ಕಪ್ಪು ಕಲೆ. ಇದಕ್ಕೆ ಕಾರಣ ನಮ್ ಮರಗಳೇ. ಅಡಿಕೆ ಸುಲಿಯೋ ಮೆಟ್ಟುಗತ್ತಿ ಸುಗ್ಗೀಲಿ ಯಾವ ಬಣ್ಣಕ್ಕೆ ತಿರುಗಿರತ್ತೆ, ಚೊಗರು ತಾಗಿದ ಕಬ್ಬಿಣ ಹೆಂಗೆ ಕಪ್ಪಾಗತ್ತೆ, ಯೋಚ್ನೆ ಮಾಡಿ. ಅದರಲ್ಲಿರೋ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದ್ರೆ ನೀಲಿಗಪ್ಪು. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಹಿಂದೆ ಶಾಯಿ ಮಾಡ್ತಿದ್ದಿದ್ದೂ ಇದೇ ಗುಣಕ್ಕೆ. ಹಸಿ ಮತ್ತಿ, ಹೊನ್ನೆ ಕೀಸಿದ ದಿನ ಹೊಸ ಹತ್ತರಿ ತಳದಲ್ಲಿ ಕಪ್ಪು ಮಚ್ಚೆ ಬಂದ್ರೆ ಅದು ತುಕ್ಕಲ್ಲ, ಮೈಯನ್ನ ತಿನ್ನೋದೂ ಇಲ್ಲ, ತುಕ್ಕನ್ನ ತಡೆಯೋಕೆ ಹಚ್ಚೋ ಕೆಲವು ದ್ರಾವಣಗಳಲ್ಲಿ ಇರೋದೇ ಟ್ಯಾನಿಕ್ ಆಮ್ಲ. ಆದ್ರೆ ಆ ಮರದ ರಸ ಒದ್ದೆ ಒದ್ದೆ ಇರೋವಾಗ್ಲೇ ಒರೆಸದೇ ಬಿಟ್ರೆ ಕಪ್ಪಿನ ಜೊತೆ ಕೆಂಪು ತುಕ್ಕೂ ಶುರು ಆಗತ್ತೆ. ಸಾಗರ, ಸೊರಬದ ಕಡೆ ಗಂಧದ ಕೆತ್ತನೆ ಮಾಡೋ ಗುಡಿಗಾರರ ಉಳಿ ಹತ್ರದಿಂದ ನೋಡಿ ಯಾವಾಗ್ಲಾದ್ರೂ. ಮೈಯೆಲ್ಲಾ ಕಡುಕಂದು, ತುದಿಯ ಒಂದಿಷ್ಟು ಮಾತ್ರ ಕನ್ನಡಿ. ಅವರು ಹೊಳಪನ್ನ ಬೇಕಾದ ಜಾಗದಲ್ಲಿ ಮಾತ್ರ ಇಟ್ಕೊಂಡಿದಾರೆ. ನಂಗೆ ಅದಕ್ಕಿಂತ ಚೆಂದದ ಉಳಿ ಯಾವ ಕ್ಯಾಟಲಾಗಲ್ಲೂ ಕಂಡಿಲ್ಲ.

ಹಂಗಂತ ಅಂಗಡಿಯವರನ್ನ ಏನೂ ಕೇಳ್ಬೇಡಿ ಅಂತಲ್ಲ. ಹೊಳಪಿಗೂ ದುಡ್ಡು ತಗೊಂಡಿದಾರೆ, ಕೇಳೋಕೆ ನಾಚಿಕೆ ಯಾಕೆ. ಆದ್ರೆ ಕ್ರಮ ಇದೆ. ಬಾಕ್ಸ್ ಬಿಚ್ಚೋವಾಗ್ಲೇ ವಿಡಿಯೋ ಮಾಡಿ. ಉಜ್ಜೋಕೆ ಮುಂಚೆ ಫೋಟೋ ತೆಗೀರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಹಾಕದೇ. ಅಲಗನ್ನ ಕಲ್ಲಿಗೆ ಹಾಕ್ಬೇಡಿ, ಒಂದ್ಸಲ ಮಸೆದ್ರೆ ಬಳಸಿದ ಮಾಲು ಅಂತ ಹೇಳಿ ಕೈ ತೊಳ್ಕೊಳ್ಳೋಕೆ ಅವರಿಗೆ ದಾರಿ ಸಿಗತ್ತೆ. ಬರೆಯೋವಾಗ "ಕ್ವಾಲಿಟಿ ಚೆನ್ನಾಗಿಲ್ಲ" ಅಂತ ಬರೀಬೇಡಿ, ಬೆನ್ನಲ್ಲಿ ಅಂಚಿಂದ ಇಷ್ಟು ಮಿಲಿಮೀಟರ್ ದೂರದಲ್ಲಿ ಉಗುರು ತಡೆಯೋ ಗುಳಿ ಇದೆ ಅಂತ ಬರೀರಿ. ಬರೀ ಕಣ್ಣಿಗೆ ಕಾಣೋ ಕಲೆ ಆದ್ರೆ ಹಂಗೇ ಹೇಳಿ, ಕೆಲಸಕ್ಕೆ ತೊಂದ್ರೆ ಅಂತ ಸುಳ್ಳು ಸೇರಿಸ್ಬೇಡಿ, ಸ್ವಲ್ಪ ದುಡ್ಡು ವಾಪಸ್ ಕೊಡ್ತೀರಾ ಅಂತ ಕೇಳಿ. ಹೊರದೇಶಕ್ಕೆ ವಾಪಸ್ ಕಳಿಸೋ ಖರ್ಚು, ಕಸ್ಟಮ್ಸ್ ಕಾಗದ ಪತ್ರ ನೋಡಿದ್ರೆ ಪಕ್ಕೆ ಮೇಲಿನ ಕಲೆಗೆ ಅಷ್ಟೆಲ್ಲಾ ಓಡಾಡೋದು ನನ್ನ ಪ್ರಕಾರ ದಂಡ.

ಇಟ್ಕೊಳ್ಳೋದು ಅಂತ ತೀರ್ಮಾನ ಆದ ದಿನಾನೇ ಕಾರ್ಖಾನೆ ಎಣ್ಣೆ ಪೂರ್ತಿ ಒರೆಸಿ, ಕೆಂಪು ಇರೋ ಕಡೆ ಅತೀ ನುಣುಪಿನ ಸ್ಟೀಲ್ ವುಲ್ ಎಣ್ಣೆ ಜೊತೆ ಉಜ್ಜಿ, ಆಮೇಲೆ ನಿಮ್ಮದೇ ಒಂದು ಪದರ ಕೊಡಿ. ಡಬ್ಲ್ಯೂಡಿ-40 ನೀರು ಓಡಿಸೋಕೆ ಒಳ್ಳೇದು, ಅದನ್ನೇ ನಂಬಿ ಮಳೆಗಾಲ ಕಳೆಯೋಕಾಗಲ್ಲ, ತೆಳು ಪದರ, ಬೇಗ ಹೋಗತ್ತೆ. ಹೊಲಿಗೆ ಮೆಷಿನ್ ಎಣ್ಣೆ ಸಾಕು, ಎಲ್ಲಾ ಕಡೆ ಸಿಗತ್ತೆ. ತಳಕ್ಕೆ, ಪಕ್ಕೆಗೆ ಮೇಣ ತಿಕ್ಕಿ, ನಮ್ ಕಡೆ ಜೇನುಮೇಣಕ್ಕೇನು ಬರ, ಎಳೆಯೋಕೂ ಹಗುರ ಆಗತ್ತೆ. ಕೊಬ್ಬರಿ ಎಣ್ಣೆ ಬೇಡ, ಚಳೀಲಿ ಹೆಪ್ಪುಗಟ್ಟತ್ತೆ, ದಿನ ಕಳೆದ್ರೆ ಅಂಟಾಗತ್ತೆ. ಸಿಲಿಕಾನ್ ಸ್ಪ್ರೇ ಹತ್ರಕ್ಕೂ ತರ್ಬೇಡಿ, ಅದು ಮರಕ್ಕೆ ತಾಗಿದ್ರೆ ಆಮೇಲೆ ಪಾಲಿಶ್ ಹೊಡೆದಾಗ ಅಲ್ಲಲ್ಲಿ ಗುಳಿ ಗುಳಿ ಏಳತ್ತೆ. ಚರ್ಮದ ಕವರಲ್ಲಿ ಉಳಿ ಹಾಕಿಡೋದು ನೋಡೋಕೆ ಚೆಂದ, ಚರ್ಮ ಹದ ಮಾಡಿದ ಆಮ್ಲ, ಉಪ್ಪು, ಎಳ್ಕೊಂಡ ತೇವ ಎಲ್ಲಾ ಸೇರಿ ಒಳಗೇ ತಿನ್ನತ್ತೆ, ಮಳೆಗಾಲದಲ್ಲಂತೂ ಖಂಡಿತ ಬೇಡ. ಪೆಟ್ಟಿಗೆಯನ್ನ ಹಸಿ ಮರದಲ್ಲಿ ಮಾಡ್ಬೇಡಿ. ಮುಚ್ಚಳ ಬಿಗಿಯಾಗಿರೋ ಪೆಟ್ಟಿಗೇಲಿ ಸಿಲಿಕಾ ಜೆಲ್ ಇಡಿ, ಅದರ ಬಣ್ಣ ಬದ್ಲಾದಾಗ 120 ಡಿಗ್ರಿ ಆಸುಪಾಸು ಶಾಖದಲ್ಲಿ ಒಣಗಿಸಿ ಮತ್ತೆ ಇಡಿ, ಎರಡು ಕರ್ಪೂರದ ಬಿಲ್ಲೆನೂ ಹಾಕಿ.

ಮೈಯೆಲ್ಲಾ ಒರೆಸಿ ಇಟ್ಟವರೂ ಮರೆಯೋ ಜಾಗ ಒಂದಿದೆ. ಅಲಗಿಗೂ ಅದರ ಮೇಲೆ ಕೂರೋ ಕ್ಯಾಪ್ ಐರನ್ನಿಗೂ ನಡುವಿನ ಸಂದಿ. ಮರದ ಪುಡಿ, ತೇವ, ಬೆವರು ಎಲ್ಲಾ ಅಲ್ಲಿ ಸೇರ್ಕೊಂಡು ಗಾಳಿ ಆಡದೇ ಕೂತಿರತ್ತೆ, ಆ ಸಂದಿ ಇರೋದು ಅಲಗಿನ ಬೆನ್ನಲ್ಲಿ, ಅಂಚಿಗೆ ಒಂದೆರಡು ಮಿಲಿಮೀಟರ್ ದೂರದಲ್ಲಿ. ಹೊರಗಿಂದ ಹತ್ತರಿ ಹೊಳೀತಾ ಇರತ್ತೆ, ಒಳಗೆ ಅಲ್ಲೇ ಗುಳಿ ಬೀಳ್ತಾ ಇರತ್ತೆ. ಮಳೆಗಾಲದಲ್ಲಿ ಒಂದು ವಾರ ಮುಟ್ಟಲ್ಲ ಅಂತ ಗೊತ್ತಿದ್ರೆ ತಿರುಪು ಬಿಚ್ಚಿ ಎರಡನ್ನೂ ಬೇರೆ ಮಾಡಿ, ಒಣಬಟ್ಟೇಲಿ ಒರೆಸಿ ಎಣ್ಣೆ ಸವರಿ, ಬೇರೆ ಬೇರೆಯಾಗೇ ಪೆಟ್ಟಿಗೇಲಿಡಿ, ಕೆಲಸ ಇದ್ದ ದಿನ ಜೋಡಿಸ್ಕೊಳ್ಳಿ.